ಚಕ್ರ ಅಲ್ಲಾಡಿಸಿದರೆ ಸಾಲದು: ಬಾಲ್ ಜಾಯಿಂಟ್ ಸವೆದಿದೆಯಾ ಅಂತ ಕಂಡುಹಿಡಿಯೋದು ಹೇಗೆ?

ನಮ್ಮ ಮನೆ ಶೆಡ್ಡಿನ ಮೂಲೆಯಲ್ಲಿ ಒಂದು ಹಳೆಯ ಲೋವರ್ ಆರ್ಮ್ ಬಿದ್ದಿದೆ, ಕಾರಿನ ಮುಂಚಕ್ರವನ್ನು ಕೆಳಗಿನಿಂದ ಬಾಡಿಗೆ ಜೋಡಿಸುವ ತೋಳು. ಗುಜರಿಗೆ ಹಾಕಲು ಮನಸ್ಸಾಗಿಲ್ಲ. ಅದರ ತುದಿಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಒಂದು ಉಕ್ಕಿನ ಗೂಟ ಇದೆ. ಹೊಸ ಆರ್ಮ್‌ನಲ್ಲಿ ಈ ಗೂಟವನ್ನು ಅಲ್ಲಾಡಿಸಲು ಬೆರಳಿಗೆ ಬಲ ಸಾಲದು. ಕೈಯಿಡೀ ಹಿಡಿದು ಬಗ್ಗಿಸಿದರೆ ನಿಧಾನಕ್ಕೆ, ಒಂದೇ ಬಿಗಿಯಲ್ಲಿ ಜರುಗುತ್ತದೆ. ನನ್ನ ಹಳೆಯದರಲ್ಲಿ ಆರ್ಮ್ ಎತ್ತಿ ಹಿಡಿದರೆ ಸಾಕು, ಗಂಟೆಯ ನಾಲಗೆ ಹಾಗೆ ಗೂಟ ತಾನಾಗಿ ಆ ಕಡೆ ಈ ಕಡೆ ಬೀಳುತ್ತದೆ. ಟಕ್, ಟಕ್.

ಇದನ್ನು ಕಾರಿನಿಂದ ಬಿಚ್ಚುವ ಮೊದಲು ಇಬ್ಬರು ಮೆಕ್ಯಾನಿಕ್‌ಗಳು ನೋಡಿದ್ದರು. ಒಬ್ಬರು ಕಾರು ನೆಲದ ಮೇಲೆ ನಿಂತಿದ್ದಾಗಲೇ ಚಕ್ರ ಹಿಡಿದು ಅಲ್ಲಾಡಿಸಿದರು. ಇನ್ನೊಬ್ಬರು ಒಂದು ಕಡೆ ಮಾತ್ರ ಜಾಕಿ ಕೊಟ್ಟು ಅಲ್ಲಾಡಿಸಿದರು. ಇಬ್ಬರದೂ ಒಂದೇ ಮಾತು: "ಬಾಲ್ ಜಾಯಿಂಟ್ ಗಟ್ಟಿಯಾಗಿದೆ ಸಾರ್, ಶಾಕಬ್ಸರ್ ನೋಡ್ಬೇಕು." ಅವರು ಸುಳ್ಳು ಹೇಳಲಿಲ್ಲ. ಅವರ ಕೈಗೆ ನಿಜವಾಗಿಯೂ ಏನೂ ಸಿಕ್ಕಿರಲಿಲ್ಲ. ಮೇಲೆ ಭಾರ ಕೂತಿರುವಾಗ ಸವೆದ ಬಾಲ್ ಜಾಯಿಂಟ್ ಕೂಡ ಹೊಸದರ ಹಾಗೇ ಗಟ್ಟಿಯಾಗಿರುತ್ತದೆ. ಆ ಭಾರ ಎಲ್ಲಿದೆ, ಅದನ್ನು ತೆಗೆಯೋದು ಹೇಗೆ ಅನ್ನೋದು ಗೊತ್ತಾದರೆ ಮುಕ್ಕಾಲು ಪರೀಕ್ಷೆ ಮುಗಿದಂತೆ.

ಮೊದಲು ಇದು ಏನು, ಎಲ್ಲಿರುತ್ತದೆ ಅಂತ ನೋಡೋಣ. ಮುಂದಿನ ಚಕ್ರಕ್ಕೆ ಎರಡು ಕೆಲಸ. ಗುಂಡಿ, ಹಂಪ್ ಬಂದಾಗ ಮೇಲೆ ಕೆಳಗೆ ಆಗಬೇಕು. ಸ್ಟೀರಿಂಗ್ ತಿರುಗಿಸಿದಾಗ ಎಡಕ್ಕೆ ಬಲಕ್ಕೆ ತಿರುಗಬೇಕು. ಬಾಗಿಲ ತಿರುಗಣಿ ಒಂದೇ ದಿಕ್ಕಿಗೆ ಆಡುತ್ತದೆ, ಅದರಿಂದ ಈ ಕೆಲಸ ಆಗಲ್ಲ. ನಮ್ಮ ಸೊಂಟದ ಕೀಲಿನಂಥದ್ದು ಬೇಕು. ಬಟ್ಟಲಿನಲ್ಲಿ ಕೂತ ಗುಂಡು, ಯಾವ ಕಡೆಗಾದರೂ ಹೊರಳುತ್ತದೆ. ಬಾಲ್ ಜಾಯಿಂಟ್ ಅಂದರೆ ಅಷ್ಟೇ. ಗೂಟದ ಒಂದು ತುದಿಯಲ್ಲಿ ನುಣುಪಾದ ಉಕ್ಕಿನ ಗುಂಡು, ಅದರ ಸುತ್ತ ಗಟ್ಟಿ ಪ್ಲಾಸ್ಟಿಕ್ಕಿನ ಒಳಪದರ, ಅದಕ್ಕೆ ಉಕ್ಕಿನ ಬಟ್ಟಲು, ಒಳಗೆ ಒಂದಿಷ್ಟು ಗ್ರೀಸ್. ಬಾಯಿಗೆ ರಬ್ಬರಿನ ಟೋಪಿ. ಗ್ಯಾರೇಜಿನಲ್ಲಿ ಇದನ್ನು ಬೂಟ್ ಅನ್ನುತ್ತಾರೆ. ಬಟ್ಟಲು ಲೋವರ್ ಆರ್ಮ್‌ನ ತುದಿಯಲ್ಲಿ ಇರುತ್ತದೆ, ಗೂಟ ಹೋಗಿ ಚಕ್ರ ಹೊತ್ತಿರುವ ಎರಕದ ತುಂಡಿಗೆ ಕೂರುತ್ತದೆ. ಆ ತುಂಡಿನ ಹೆಸರು ನಕಲ್. ನಮ್ಮ ನಕಲಿಗೂ ಅದಕ್ಕೂ ಸಂಬಂಧವಿಲ್ಲ, ಅದು ಅಸಲಿಯೇ.

ಹಳೆಯ ಅಂಬಾಸಿಡರ್, ಪದ್ಮಿನಿ ಓಡಿಸಿದವರಿಗೆ, ಚಕ್ರ ತಿರುಗಲು ಆಧಾರವಾಗಿದ್ದ ಕಿಂಗ್‌ಪಿನ್ ನೆನಪಿರಬಹುದು. ಆಗಾಗ ಗ್ರೀಸ್ ಗನ್ ಹಿಡಿದು ಅದಕ್ಕೆ ಉಣಿಸಬೇಕಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಅದರ ಜೊತೆ ಮ್ಯಾಕ್‌ಫರ್ಸನ್ ಸ್ಟ್ರಟ್ ನಮ್ಮ ಬೀದಿಬೀದಿಗೆ ಬಂತು. ಅರ್ಲ್ ಮ್ಯಾಕ್‌ಫರ್ಸನ್ ಅನ್ನುವ ಅಮೆರಿಕದ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ವ್ಯವಸ್ಥೆ ಇದು. ಸ್ಪ್ರಿಂಗ್ ಮತ್ತು ಶಾಕಬ್ಸರ್ ಒಂದೇ ಕಂಬವಾಗಿ ನಕಲ್ ಮೇಲೆ ನಿಂತಿರುತ್ತದೆ. ಕೆಳಗೆ ಒಂದೇ ಆರ್ಮ್, ಒಂದೇ ಬಾಲ್ ಜಾಯಿಂಟ್. ಇವತ್ತು ನಮ್ಮ ರಸ್ತೆಯ ಹ್ಯಾಚ್‌ಬ್ಯಾಕ್, ಸಣ್ಣ ಸೆಡಾನ್, ಕಾಂಪ್ಯಾಕ್ಟ್ ಎಸ್‌ಯುವಿಗಳಲ್ಲಿ ಬಹುತೇಕ ಎಲ್ಲವೂ ಹೀಗೇ. ಈಗಿನ ಬಾಲ್ ಜಾಯಿಂಟ್‌ಗಳಿಗೆ ಸಾಮಾನ್ಯವಾಗಿ ಗ್ರೀಸ್ ತುಂಬುವ ಬಾಯಿ, ಅಂದರೆ ಗ್ರೀಸ್ ನಿಪ್ಪಲ್, ಇರಲ್ಲ. ತುಂಬಿ ಮುಚ್ಚಿಬಿಟ್ಟಿರುತ್ತಾರೆ. ಬೂಟ್ ಚೆನ್ನಾಗಿರುವವರೆಗೆ ಚಿಂತೆ ಇಲ್ಲ.

ಬೂಟ್ ಹರಿದರೆ ಕಥೆ ಬೇರೆ. ನನ್ನ ಆರ್ಮ್‌ನ ಬಟ್ಟಲನ್ನು ಗ್ರೈಂಡರ್‌ನಲ್ಲಿ ಕತ್ತರಿಸಿದ್ದ ಗೆಳೆಯನ ಮನೆಯಲ್ಲಿ ಒಳಗಿನದನ್ನು ಕಣ್ಣಾರೆ ನೋಡಿದೆ. ಶೆಡ್ಡಿನಲ್ಲಿರುವುದಲ್ಲ, ಎಡಗಡೆಯ ಆರ್ಮ್ ಅದು. ಗ್ರೀಸ್ ಇರಬೇಕಾದ ಕಡೆ ಕೆಮ್ಮಣ್ಣಿನ ಬಣ್ಣದ ಗಸಿ. ಪ್ಲಾಸ್ಟಿಕ್ ಪದರ ಒಂದು ಕಡೆ ಪೂರ್ತಿ ತೆಳುವಾಗಿ, ಅಂಚು ಒಡೆದಿತ್ತು. ಕನ್ನಡಿಯ ಹಾಗೆ ಹೊಳೆಯಬೇಕಿದ್ದ ಗುಂಡಿನ ಮೇಲೆ ಸಾಸಿವೆ ಕಾಳಿನಷ್ಟು ತುಕ್ಕಿನ ಕುಳಿಗಳು. ಬೂಟಿನಲ್ಲಿ ಇದ್ದದ್ದು ಬರೀ ಒಂದು ಸೀಳು, ಉಗುರಿನಷ್ಟು ಉದ್ದ. ಮಳೆಗಾಲದಲ್ಲಿ ನೀರು, ಬೇಸಿಗೆಯಲ್ಲಿ ಧೂಳು ಅದರಲ್ಲೇ ಒಳಗೆ ಹೋಗಿದೆ. ಧೂಳು ಗ್ರೀಸಿನ ಜೊತೆ ಸೇರಿದರೆ ಮರಳು ಕಾಗದ ಹಾಕಿ ಉಜ್ಜಿದ ಹಾಗೆ. ಮುಂದಿನದ್ದನ್ನು ಅದೇ ಮಾಡಿ ಮುಗಿಸುತ್ತದೆ.

ಸವೆದ ಜಾಯಿಂಟ್ ಮೊದಲು ಕಿವಿಗೆ ಸಿಗುತ್ತದೆ. ಗೇಟು ದಾಟುವಾಗ, ಹಂಪ್ ಇಳಿಯುವಾಗ, ಒಂದು ಚಕ್ರ ಮಾತ್ರ ಗುಂಡಿಗೆ ಬಿದ್ದಾಗ ಕಾಲಡಿಯಲ್ಲಿ ಒಂದು ಮೊಂಡು ಟಕ್. ವೇಗವಾಗಿ ಹೋಗುವಾಗ ಗಾಳಿ, ಟೈರ್ ಸದ್ದಿನಲ್ಲಿ ಅದು ಮುಚ್ಚಿಹೋಗುತ್ತದೆ. ಗ್ರೀಸ್ ಒಣಗಿದ್ದರೆ ಟಕ್ ಬದಲು ಕಿರ್ರ್ ಅನ್ನುತ್ತದೆ, ಅದೂ ಪಾರ್ಕಿಂಗ್‌ನಲ್ಲಿ ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ. ಕೈಗೂ ಗೊತ್ತಾಗುತ್ತದೆ. ಹೆದ್ದಾರಿಯಲ್ಲಿ ಕಾರು ನೇರ ಹೋಗದೆ ಸುಮ್ನೆ ಅತ್ತಿತ್ತ ಅಲೆಯುತ್ತದೆ, ತಿದ್ದುತ್ತಲೇ ಇರಬೇಕು. ಟೈರಿನ ಒಳ ಅಂಚೋ ಹೊರ ಅಂಚೋ ಬೇಗ ಬೋಳಾಗುತ್ತದೆ. ಆದರೆ ಇವೆಲ್ಲ ಬಾಲ್ ಜಾಯಿಂಟ್‌ನದ್ದೇ ಲಕ್ಷಣ ಅಂತ ಹೇಳುವಂತಿಲ್ಲ. ಮುಂದಿನ ಸಸ್ಪೆನ್ಷನ್‌ನಲ್ಲಿ ಟಕ್ ಅನ್ನುವ ಭಾಗಗಳು ಅರ್ಧ ಡಜನ್ ಇವೆ. ಅದಕ್ಕೇ ಬಗ್ಗಿ ನೋಡಬೇಕು.

ಭಾರ ಎಲ್ಲಿದೆ?

ಈ ಭಾಗವನ್ನು ಸ್ವಲ್ಪ ನಿಧಾನಕ್ಕೆ ಓದಿ.

ಮ್ಯಾಕ್‌ಫರ್ಸನ್ ಕಾರಿನಲ್ಲಿ ವಾಹನದ ತೂಕ ಸ್ಪ್ರಿಂಗ್ ಮೂಲಕ ಸೀದಾ ನಕಲ್‌ಗೆ, ಅಲ್ಲಿಂದ ಚಕ್ರಕ್ಕೆ ಇಳಿಯುತ್ತದೆ. ಬಾಲ್ ಜಾಯಿಂಟ್ ತೂಕ ಹೊರುವುದಿಲ್ಲ. ಹಾಗಂತ ಅದು ಖಾಲಿ ಕೂತಿಲ್ಲ. ಟೈರ್ ನೆಲ ಮುಟ್ಟುವ ಜಾಗ ಸ್ಟ್ರಟ್‌ನ ಮೇಲ್ತುದಿಗಿಂತ ಹೊರಗಡೆ ಇರುತ್ತದೆ. ಹೀಗಾಗಿ ಕಾರು ನಿಂತಿದ್ದಾಗ ಚಕ್ರದ ಕೆಳಭಾಗ ಯಾವಾಗಲೂ ಹೊರಕ್ಕೆ ಜಾರಲು ನೋಡುತ್ತಿರುತ್ತದೆ. ಅದನ್ನು ಒಳಕ್ಕೆ ಎಳೆದು ಹಿಡಿದಿರುವುದು ಲೋವರ್ ಆರ್ಮ್. ಆ ಎಳೆತದಲ್ಲಿ ಗುಂಡು ಬಟ್ಟಲಿನ ಒಂದು ಗೋಡೆಗೆ ಒತ್ತಿಕೊಂಡು ನಿಂತಿರುತ್ತದೆ. ಒಳಗೆ ಎಷ್ಟೇ ಜಾಗ ಇದ್ದರೂ ನೀವು ಕೈಯಲ್ಲಿ ಅಲ್ಲಾಡಿಸಿದರೆ ಆ ಒತ್ತಡ ಮೀರಲು ಆಗಲ್ಲ. ಮೊದಲನೇ ಮೆಕ್ಯಾನಿಕ್ ಎಡವಿದ್ದು ಇಲ್ಲೇ.

ಎರಡನೆಯವರದು ಇನ್ನೂ ಸೂಕ್ಷ್ಮ. ಎಡ ಬಲ ಚಕ್ರಗಳನ್ನು ಜೋಡಿಸುವ ಒಂದು ಬಾಗಿದ ಸರಳು ಇರುತ್ತದೆ, ಸ್ಟೆಬಿಲೈಸರ್ ಬಾರ್. ನನ್ನ ಕಾರಿನಲ್ಲಿ ಅದು ಲೋವರ್ ಆರ್ಮ್‌ಗೇ ಸೇರಿತ್ತು. ಒಂದೇ ಕಡೆ ಎತ್ತಿದರೆ ಆ ಚಕ್ರ ಕೆಳಗೆ ಜೋತು ಬೀಳುತ್ತದೆ, ಇನ್ನೊಂದು ಮೇಲೇ ಇರುತ್ತದೆ. ಸರಳು ತಿರುಚಿಕೊಂಡು ಜೋತ ಆರ್ಮನ್ನು ಮೇಲಕ್ಕೆ ತಳ್ಳುತ್ತದೆ. ಮತ್ತೆ ಗುಂಡು ಬಟ್ಟಲಿಗೆ ಒತ್ತಿಕೊಂಡಿತು. ಚಕ್ರ ಗಾಳಿಯಲ್ಲಿದ್ದರೂ ಜಾಯಿಂಟ್ ಬಿಗಿ. ಎರಡೂ ಮುಂಚಕ್ರ ಒಟ್ಟಿಗೆ ಎತ್ತಿದ ದಿನ ಅದೇ ಜಾಯಿಂಟ್ ಗಡಗಡ ಅಂದಿತು.

ಸ್ಪ್ರಿಂಗ್ ಲೋವರ್ ಆರ್ಮ್ ಮೇಲೇ ಕೂತಿರುವ ಗಾಡಿಗಳಿಗೆ ಈ ಲೆಕ್ಕ ತಿರುಗುಮುರುಗು. ಮೇಲೊಂದು ಕೆಳಗೊಂದು ಆರ್ಮ್ ಇರುವ ಡಬಲ್ ವಿಶ್‌ಬೋನ್ ಅದು. ಹಳೆಯ ಇನೋವಾ, ಇನೋವಾ ಕ್ರಿಸ್ಟಾ, ಫಾರ್ಚ್ಯೂನರ್ ಹೀಗಿವೆ. ಇಲ್ಲಿ ಕೆಳಗಿನ ಜಾಯಿಂಟ್ ಗಾಡಿಯ ತೂಕವನ್ನೇ ಹೊರುತ್ತದೆ. ಚಾಸಿಗೆ ಜಾಕಿ ಕೊಟ್ಟು ಚಕ್ರ ಜೋತುಬಿಟ್ಟರೆ, ಹಲವು ಗಾಡಿಗಳಲ್ಲಿ ಸ್ಪ್ರಿಂಗ್ ಆರ್ಮನ್ನು ಕೆಳಕ್ಕೆ ತಳ್ಳುತ್ತಲೇ ಇರುತ್ತದೆ. ಜಾಯಿಂಟ್ ಸಡಿಲ ಆಗುವುದೇ ಇಲ್ಲ. ಆದ್ದರಿಂದ ಜಾಕಿಯನ್ನು ಲೋವರ್ ಆರ್ಮ್ ಕೆಳಗೇ, ಬಾಲ್ ಜಾಯಿಂಟ್‌ಗೆ ಆದಷ್ಟು ಹತ್ತಿರ ಕೊಡಬೇಕು. ಆಗ ಸ್ಪ್ರಿಂಗ್‌ನ ಭಾರ ಜಾಕಿಗೆ ಬರುತ್ತದೆ, ಜಾಯಿಂಟ್ ಬಿಡುವಾಗುತ್ತದೆ.

ಇದಕ್ಕೆ ಒಂದು ತಮಾಷೆಯ ಅಪವಾದ ಇದೆ. ಅಮೆರಿಕದ ಹಲವು ಹಳೆಯ ಕಾರುಗಳ ಬಾಲ್ ಜಾಯಿಂಟ್‌ನಲ್ಲಿ ಸವೆತ ತೋರಿಸುವ ಗುರುತೇ ಇತ್ತು. ಗ್ರೀಸ್ ನಿಪ್ಪಲ್ ಕೂತ ಸಣ್ಣ ಉಬ್ಬು ಹೊಸದರಲ್ಲಿ ಬಟ್ಟಲ ತಳದಿಂದ ಸುಮಾರು 1.3 ಮಿಲಿಮೀಟರ್ ಹೊರಗೆ ಇರುತ್ತದೆ. ಸವೆದಂತೆ ಅದು ಒಳಕ್ಕೆ ಸರಿಯುತ್ತದೆ. ತಳಕ್ಕೆ ಸಮ ಆಯಿತೋ, ಬದಲಿಸಬೇಕು. ಇದನ್ನು ಮಾತ್ರ ಕಾರು ನೆಲದ ಮೇಲೆ, ಪೂರ್ತಿ ತೂಕದಲ್ಲಿ ನಿಂತಿರುವಾಗಲೇ ನೋಡಬೇಕು. ಎತ್ತಿದರೆ ಗುರುತು ಸುಳ್ಳು ಹೇಳುತ್ತದೆ.

ಕಾರು ಎತ್ತಿ ನೋಡುವುದು

ಸಮ ನೆಲ, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು. ಡಿಕ್ಕಿಯಲ್ಲಿ ಬರುವ ಜಾಕಿ ಸ್ಟೆಪ್ನಿ ಬದಲಿಸಲಿಕ್ಕೆ ಮಾತ್ರ. ಅದನ್ನು ನಂಬಿ ಕೈಯನ್ನೂ ಒಳಗೆ ಹಾಕಬೇಡಿ, ತಲೆ ದೂರದ ಮಾತು. ಎತ್ತಿದ ಕಾರನ್ನು ಹೊತ್ತು ನಿಲ್ಲುವ ಎರಡು ಜಾಕ್ ಸ್ಟ್ಯಾಂಡ್ ಬೇಕೇ ಬೇಕು. ಸಿಮೆಂಟಿನ ಹಾಲೋ ಬ್ಲಾಕ್ ಇಡುವವರನ್ನು ನೋಡಿದ್ದೇನೆ. ಅದು ಒಡೆಯುವಾಗ ಮುನ್ಸೂಚನೆ ಕೊಡಲ್ಲ. ಮ್ಯಾಕ್‌ಫರ್ಸನ್ ಕಾರಾದರೆ ಬಾಡಿಯ ಜಾಕಿ ಪಾಯಿಂಟ್‌ಗಳಿಗೆ ಸ್ಟ್ಯಾಂಡ್ ಕೊಟ್ಟು ಎರಡೂ ಮುಂಚಕ್ರಗಳನ್ನು ಜೋತುಬಿಡಿ. ಸ್ಟ್ಯಾಂಡ್ ಮೇಲೆ ಇಳಿಸಿದ ಮೇಲೆ ಕಾರನ್ನು ಒಮ್ಮೆ ಜೋರಾಗಿ ತಳ್ಳಿ ನೋಡಿ. ಬೀಳುವುದಾದರೆ ನೀವು ಹೊರಗಿದ್ದಾಗಲೇ ಬೀಳಲಿ. ತೆಗೆದ ಸ್ಟೆಪ್ನಿಯನ್ನು ಬಾಡಿ ಕೆಳಗೆ ಮಲಗಿಸಿ ಇಡುವುದು ನನ್ನ ಅಭ್ಯಾಸ.

ಮೊದಲು ಟಾರ್ಚ್ ಹಿಡಿದು ಬೂಟ್ ನೋಡಿ. ಸುತ್ತಲೂ ಬಟ್ಟೆಯಲ್ಲಿ ಒರೆಸಿ, ಬೆರಳಲ್ಲಿ ಮೆಲ್ಲಗೆ ಹಿಸುಕಿ. ಮಡಿಕೆಯೊಳಗಿನ ಸೀಳು ಹಿಸುಕಿದಾಗ ಮಾತ್ರ ಬಾಯಿ ತೆರೆಯುತ್ತದೆ. ಗ್ರೀಸ್ ಹೊರಗೆ ಮೆತ್ತಿಕೊಂಡಿದ್ದರೆ, ಗೂಟದ ಬುಡದಲ್ಲಿ ಕೆಂಪು ಪುಡಿ ಇದ್ದರೆ ಅರ್ಧ ಉತ್ತರ ಸಿಕ್ಕಿತು.

ಆಮೇಲೆ ಎಲ್ಲರಿಗೂ ಗೊತ್ತಿರುವ ಅಲ್ಲಾಟ. ಟೈರನ್ನು ಗಡಿಯಾರ ಅಂದುಕೊಳ್ಳಿ. ಒಂದು ಕೈ 12 ಗಂಟೆಗೆ, ಇನ್ನೊಂದು 6 ಗಂಟೆಗೆ. ಒಂದನ್ನು ಎಳೆದು ಇನ್ನೊಂದನ್ನು ತಳ್ಳಿ, ಬೇಗಬೇಗ. ಕೈಗೆ ಟಕ್ ಸಿಕ್ಕಿದರೆ ಎರಡು ಸಾಧ್ಯತೆ: ಬಾಲ್ ಜಾಯಿಂಟ್, ಇಲ್ಲವೇ ವೀಲ್ ಬೇರಿಂಗ್. ಬೇರೆ ಮಾಡುವುದು ಸುಲಭ. ಒಬ್ಬರು ಒಳಗೆ ಕೂತು ಬ್ರೇಕ್ ಪೆಡಲ್ ಒತ್ತಿ ಹಿಡಿಯಲಿ. ಬ್ರೇಕ್ ಹಿಡಿದಾಗ ಡಿಸ್ಕ್ ಮತ್ತು ನಕಲ್ ಒಂದಾಗಿಬಿಡುತ್ತವೆ, ಬೇರಿಂಗ್‌ನ ಲೂಸ್ ಮುಚ್ಚಿಹೋಗುತ್ತದೆ. ಮತ್ತೆ ಅಲ್ಲಾಡಿಸಿ. ಟಕ್ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಸಸ್ಪೆನ್ಷನ್. ಕೈಗಳನ್ನು 9 ಮತ್ತು 3 ಗಂಟೆಗೆ ಇಟ್ಟು ಅಲ್ಲಾಡಿಸಿದಾಗ ಮಾತ್ರ ಪ್ಲೇ, ಅಂದರೆ ಸಡಿಲ, ಸಿಕ್ಕರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗ್ ರ‍್ಯಾಕ್ ಕಡೆ ನೋಡಿ.

ಇದರಲ್ಲಿ ಕಣ್ಣಿಗಿಂತ ಬೆರಳು ಜಾಣ. ಜೊತೆಗಿದ್ದವರು ಟೈರ್ ಅಲ್ಲಾಡಿಸುವಾಗ ನೀವು ಬೆರಳ ತುದಿಯನ್ನು ಬಟ್ಟಲು ಮತ್ತು ನಕಲ್ ಸೇರುವ ಕಡೆ ಇಡಿ, ಅರ್ಧ ಇದರ ಮೇಲೆ, ಅರ್ಧ ಅದರ ಮೇಲೆ. ಎರಡೂ ಒಟ್ಟಿಗೆ ಚಲಿಸಿದರೆ ಸರಿ. ಒಂದು ಮೊದಲು ಹೊರಟು ಇನ್ನೊಂದು ಆಮೇಲೆ ಬಂದರೆ ಬೆರಳಿಗೆ ಸಣ್ಣ ಚಿವುಟು ಸಿಗುತ್ತದೆ. ಕಣ್ಣಿಗೆ ಕಾಣದ ಪ್ಲೇ ಕೂಡ ಹೀಗೆ ಗೊತ್ತಾಗುತ್ತದೆ. ಒಬ್ಬರೇ ಇದ್ದೀರಾ? ಮೊಬೈಲನ್ನು ಸ್ಲೋ ಮೋಷನ್‌ನಲ್ಲಿ ಹಾಕಿ ಜಾಯಿಂಟ್ ಎದುರು ನಿಲ್ಲಿಸಿ, ಬಂದು ಅಲ್ಲಾಡಿಸಿ. ಆಮೇಲೆ ವಿಡಿಯೋ ನೋಡಿ.

ಅಲ್ಲಾಟದಲ್ಲಿ ಏನೂ ಸಿಗದಿದ್ದರೂ ಬಿಡಬೇಡಿ. ಕೈಬಲ ಪಕ್ಕಕ್ಕೆ ಮಾತ್ರ ಎಳೆಯುತ್ತದೆ, ಮೇಲೆ ಕೆಳಗಿನ ಪ್ಲೇ ತೋರಿಸಲ್ಲ. ಅದಕ್ಕೆ ಸಣ್ಣ ಹಾರೆ ಬೇಕು. ಎರಡು ಅಡಿ ಉದ್ದದ್ದು ಸಾಕು. ಲೋವರ್ ಆರ್ಮ್ ಮತ್ತು ನಕಲ್ ನಡುವೆ ಅದರ ತುದಿ ಸಿಕ್ಕಿಸಿ, ಆರ್ಮನ್ನು ಕೆಳಕ್ಕೆ ಮೀಟಿ, ಬಿಡಿ, ಮತ್ತೆ ಮೀಟಿ. ಬೂಟಿಗೆ ತುದಿ ತಾಗದ ಹಾಗೆ ನೋಡಿಕೊಳ್ಳಿ. ಪರೀಕ್ಷೆ ಮಾಡಲು ಹೋಗಿ ಚೆನ್ನಾಗಿದ್ದ ಬೂಟ್ ಹರಿದುಕೊಂಡವರಲ್ಲಿ ನಾನೂ ಒಬ್ಬ. ಆರ್ಮ್ ಬಾಡಿಗೆ ಸೇರುವ ಕಡೆ ಇರುವ ಆರ್ಮ್ ಬುಷ್‌ನ ರಬ್ಬರ್ ಹಿಗ್ಗಿ ಕುಗ್ಗುವುದು ಸಹಜ, ಅದನ್ನು ಪ್ಲೇ ಅಂದುಕೊಳ್ಳಬೇಡಿ. ರಬ್ಬರಿನ ಚಲನೆ ಮೆತ್ತಗೆ, ಸದ್ದಿಲ್ಲದೆ ಇರುತ್ತದೆ. ಬಾಲ್ ಜಾಯಿಂಟ್‌ನದ್ದು ಲೋಹಕ್ಕೆ ಲೋಹ ಬಡಿದ ಹಾಗೆ, ಥಟ್ಟನೆ ನಿಲ್ಲುತ್ತದೆ. ಡಬಲ್ ವಿಶ್‌ಬೋನ್ ಗಾಡಿಯಲ್ಲಿ ಲೋವರ್ ಆರ್ಮ್‌ಗೆ ಜಾಕಿ ಕೊಟ್ಟು ಚಕ್ರ ನೆಲದಿಂದ ಒಂದಿಂಚು ಎತ್ತಿ, ಉದ್ದದ ಹಾರೆಯನ್ನು ಟೈರ್ ಕೆಳಗೆ ತೂರಿಸಿ ಮೇಲಕ್ಕೆ ಮೀಟಿದರೆ ಸಾಕು.

ಎಷ್ಟು ಪ್ಲೇ ಇದ್ದರೆ ಜಾಸ್ತಿ? ಕಾರಿನ ಸರ್ವಿಸ್ ಮ್ಯಾನ್ಯುವಲ್ ಹೇಳಿದಷ್ಟು. ಭಾರ ಹೊರುವ ಕೆಲವು ಜಾಯಿಂಟ್‌ಗಳಿಗೆ ಒಂದಿಷ್ಟು ಬಿಡುವು ಕೊಟ್ಟಿರುತ್ತಾರೆ, ಅದನ್ನು ಡಯಲ್ ಗೇಜ್ ಇಟ್ಟು ಅಳೆಯಬೇಕು. ನಮ್ಮ ಸಣ್ಣ ಕಾರುಗಳ ಮಟ್ಟಿಗೆ ನನ್ನ ನಿಯಮ ಸರಳ: ಕೈಗೆ ಸಿಗುವಷ್ಟು ಪ್ಲೇ ಇದ್ದರೆ ಹೋಗಿದೆ. ಬೂಟ್ ಹರಿದು ಪ್ಲೇ ಇನ್ನೂ ಬಂದಿಲ್ಲದಿದ್ದರೂ ಹೋಗಿದೆ ಅಂತಲೇ ಲೆಕ್ಕ. ಕೆಲವರು ಸಿರಿಂಜಿನಲ್ಲಿ ಬೂಟ್ ಒಳಗೆ ಗ್ರೀಸ್ ತುಂಬಿ ಕೊಡುತ್ತಾರೆ. ಕಿರ್ರ್ ನಿಲ್ಲುತ್ತದೆ, ನಿಜ. ಸವೆದ ಪ್ಲಾಸ್ಟಿಕ್ ಮತ್ತೆ ಬೆಳೆಯುತ್ತದಾ?

ಹೀಗೆ ಬಿಟ್ಟರೆ ಏನಾಗುತ್ತದೆ ಅಂತ ಹೆದರಿಸುವುದು ನನಗೆ ಇಷ್ಟವಿಲ್ಲ, ಆದರೆ ಹೇಳಲೇಬೇಕು. ಎತ್ತಿನ ಬಂಡಿಯ ಕಡಾಣಿ ಕಳಚಿದರೆ ಗಾಲಿ ಕಳಚಿತು. ಇಲ್ಲೂ ಹಾಗೇ. ಸವೆದು ದೊಡ್ಡದಾದ ಬಟ್ಟಲಿನಿಂದ ಗುಂಡು ಒಂದು ದಿನ ಪೂರ್ತಿ ಹೊರಬರುತ್ತದೆ. ಒಳಕ್ಕೆ ಎಳೆದು ಹಿಡಿಯುವ ಆರ್ಮ್ ಇಲ್ಲ, ಚಕ್ರದ ಕೆಳಭಾಗ ಹೊರಕ್ಕೆ ಚಾಚುತ್ತದೆ, ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್ ಕಿತ್ತು ಬರಬಹುದು, ಕಾರು ಆ ಮೂಲೆಗೆ ಕುಸಿಯುತ್ತದೆ. ರಸ್ತೆ ಬದಿಯಲ್ಲಿ ಕಾಲು ಮುರಿದ ಕುದುರೆ ಹಾಗೆ ಒಂದು ಚಕ್ರ ಸೊಟ್ಟಗಾಗಿ ನಿಂತ ಕಾರು ನೀವೂ ನೋಡಿರಬಹುದು. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋಗುವಾಗ ಆದರೆ ಅದೃಷ್ಟ. ಘಾಟಿ ಇಳಿಯುವಾಗ ಆದರೆ ಅಲ್ಲ.

ತಪ್ಪು ಭಾಗಕ್ಕೆ ಶಿಕ್ಷೆ

ಇದರ ಉಲ್ಟಾ ಕಥೆಯೂ ಇದೆ. ನಮ್ಮ ಭಾವನ ಕಾರು ಸಣ್ಣ ಸಣ್ಣ ಉಬ್ಬುತಗ್ಗಿಗೆಲ್ಲ ಕಟಕಟ ಅನ್ನುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಎರಡೂ ಲೋವರ್ ಆರ್ಮ್ ಬದಲಿಸಿದರು. ಸದ್ದು ಹಾಗೇ ಇತ್ತು. "ಭಾವ, ಒಂದ್ಸಲ ಲಿಂಕ್ ರಾಡ್ ಬಿಚ್ಚಿ ಓಡಿಸಿ ನೋಡೋಣ" ಅಂದೆ. ಸ್ಟೆಬಿಲೈಸರ್ ಬಾರನ್ನು ಸ್ಟ್ರಟ್‌ಗೆ ಸೇರಿಸುವ ಗೇಣುದ್ದದ ಕಡ್ಡಿ ಅದು. ಎರಡೂ ಕಡೆ ಬಿಚ್ಚಿ ಕೇರಿಯೊಳಗೆ ನಿಧಾನಕ್ಕೆ ಒಂದು ಸುತ್ತು ಹಾಕಿದೆವು. ಸದ್ದೇ ಇಲ್ಲ. ಲಿಂಕ್ ರಾಡ್‌ನ ತುದಿಯಲ್ಲೂ ಪುಟ್ಟ ಬಾಲ್ ಜಾಯಿಂಟ್ ಇರುತ್ತದೆ, ಬೇಗ ಸವೆಯುತ್ತದೆ, ಆರ್ಮ್‌ಗಿಂತ ತುಂಬಾ ಅಗ್ಗ. ಕಟಕಟ ಅಂತ ಬಿಡದೆ ಬಡಿದುಕೊಂಡರೆ ನಾನು ಮೊದಲು ಅದನ್ನೇ ಅನುಮಾನಿಸುತ್ತೇನೆ. ಬ್ರೇಕ್ ಹಿಡಿದಾಗ, ಬಿಟ್ಟಾಗ ಒಂದೇ ಒಂದು ಧಡ್ ಅಂದರೆ ಆರ್ಮ್ ಬುಷ್. ಬ್ರೇಕ್ ಸ್ವಲ್ಪವೇ ಮುಟ್ಟಿದಾಗ ಸದ್ದು ನಿಂತರೆ ಬ್ರೇಕ್ ಪ್ಯಾಡ್ ಅಥವಾ ಅದನ್ನು ಹಿಡಿದಿರುವ ಕ್ಯಾಲಿಪರ್ ಅಲ್ಲಾಡುತ್ತಿದೆ. ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಟೊಂಯ್ ಅಂತ ಹಾರಿದರೆ ಸ್ಟ್ರಟ್ ಮೇಲಿನ ಬೇರಿಂಗ್.

ಬದಲಿಸುವುದಾದರೆ ಹಲವು ಸಣ್ಣ ಕಾರುಗಳಲ್ಲಿ ಬಾಲ್ ಜಾಯಿಂಟ್ ಬೇರೆ ಸಿಗಲ್ಲ, ಆರ್ಮ್ ಸಮೇತ ಬರುತ್ತದೆ. ಬುಷ್ ಕೂಡ ಹೊಸದು ಬಂತಲ್ಲ ಅಂತ ಸಮಾಧಾನ ಮಾಡಿಕೊಳ್ಳಿ. ಗ್ಯಾರೇಜಿನಲ್ಲಿ ನಿಂತು ಎರಡು ವಿಷಯ ಗಮನಿಸಿ. ಗೂಟವನ್ನು ನಕಲ್‌ನಲ್ಲಿ ಹಿಡಿದಿಡುವ ಬೋಲ್ಟ್ ಗೂಟದ ಕಚ್ಚಿನಲ್ಲಿ ಹಾದುಹೋಗುವ ಬಗೆಯದಾದರೆ, ಅದನ್ನು ಪೂರ್ತಿ ಹೊರಗೆ ತೆಗೆಯದೆ ಗೂಟ ಬರುವುದಿಲ್ಲ. ಬರೀ ಸಡಿಲ ಮಾಡಿ ಸುತ್ತಿಗೆ ಎತ್ತಿದರೆ ತಡೆಯಿರಿ. ಇನ್ನೊಂದು, ಆರ್ಮ್ ಬುಷ್‌ನ ಬೋಲ್ಟ್‌ಗಳನ್ನು ಕೊನೆಯ ಬಿಗಿ ಮಾಡಬೇಕಾದದ್ದು ಚಕ್ರಗಳ ಮೇಲೆ ಕಾರಿನ ತೂಕ ಬಂದ ಮೇಲೆ. ಚಕ್ರ ಜೋತಿರುವಾಗಲೇ ಬಿಗಿ ಮಾಡಿದರೆ, ಕಾರು ಇಳಿಸಿದ ಕೂಡಲೇ ಬುಷ್‌ನ ರಬ್ಬರ್ ತಿರುಚಿಕೊಳ್ಳುತ್ತದೆ. ಆ ತಿರುಚಿನಲ್ಲೇ ಓಡಿ ಬೇಗ ಹರಿಯುತ್ತದೆ. ಆಮೇಲೆ "ಪಾರ್ಟ್ ಸರಿ ಇಲ್ಲ" ಅಂತ ಬೈಯುವುದು ನಡೆದೇ ಇದೆ.

ಇಷ್ಟಾದ ಮೇಲೆ ವೀಲ್ ಅಲೈನ್‌ಮೆಂಟ್. ಕ್ರಮ ಇದೇ ಇರಲಿ. ಲೂಸ್ ಜಾಯಿಂಟ್ ಇಟ್ಟುಕೊಂಡು ಮಾಡಿಸಿದ ಅಲೈನ್‌ಮೆಂಟ್ ಅಂಗಡಿ ಗೇಟು ದಾಟುವಷ್ಟರಲ್ಲಿ ಬದಲಾಗಿರುತ್ತದೆ. ಅಲೈನ್‌ಮೆಂಟ್ ಮಾಡುವವರು ಚಕ್ರಕ್ಕೆ ಸೆನ್ಸರ್ ಸಿಕ್ಕಿಸುವ ಮೊದಲು ಕಾರನ್ನು ಎತ್ತಿ ಒಮ್ಮೆ ಅಲ್ಲಾಡಿಸಿ ನೋಡಬೇಕು. ನೋಡದೆ ಸೀದಾ ಕಂಪ್ಯೂಟರ್ ಮುಂದೆ ಕೂತರೆ, "ಅಣ್ಣ, ಎರಡೂ ಕಡೆ ಎತ್ತಿ ಒಂದ್ಸಲ ಪ್ಲೇ ನೋಡಿಬಿಡಿ" ಅಂತ ನೀವೇ ಕೇಳಿ.